ವ್ಯಂಗ್ಯಭಾವಚಿತ್ರಕ್ಕಾಗಿ ಮನುಷ್ಯರನ್ನು ನಿಧಾನವಾಗಿ ನೋಡುವ ಕ್ರಮ

ವ್ಯಂಗ್ಯಭಾವಚಿತ್ರ (ಕ್ಯಾರಿಕೇಚರ್), ಅಂದರೆ ಒಬ್ಬರ ಎದ್ದು ಕಾಣುವ ಲಕ್ಷಣಗಳನ್ನು ಹಿಗ್ಗಿಸಿ ತೋರಿಸುವ ಚಿತ್ರ, ಬಿಡಿಸಲು ತೊಡಗಿದವರಲ್ಲಿ ಹೆಚ್ಚಿನವರು ಮೊದಲು ಮೂಗನ್ನು ಉದ್ದ ಮಾಡುತ್ತಾರೆ, ಅದು ನಿಜಕ್ಕೂ ಉದ್ದವಾಗಿದೆಯೇ ಎಂದು ನೋಡುವುದಿಲ್ಲ. ಯಾವುದನ್ನು ಹಿಗ್ಗಿಸಬೇಕೆಂಬುದು ಎದುರಿಗಿರುವ ವ್ಯಕ್ತಿಯಿಂದಲೇ ತಿಳಿಯಬೇಕು, ಅದಕ್ಕೆ ಸಾವಧಾನ ಬೇಕು.

ಜನರು ಸ್ವಲ್ಪ ಹೊತ್ತು ಒಂದೆಡೆ ಕುಳಿತಿರುವ ಜಾಗವನ್ನು ಆರಿಸಿಕೊಳ್ಳಿ. ಬಸ್ ನಿಲ್ದಾಣವಾಗಲಿ ಗ್ರಂಥಾಲಯದಲ್ಲಿ ಪತ್ರಿಕೆ ಓದುವ ಮೇಜಾಗಲಿ ಆದೀತು. ಗೆರೆಯಿಲ್ಲದ ಚಿಕ್ಕ ಪುಸ್ತಕ ಮತ್ತು ಮೆತ್ತಗೆ, ಗಾಢವಾಗಿ ಮೂಡುವ ಒಂದು 4ಬಿ ಪೆನ್ಸಿಲ್ ಸಾಕು. ರಬ್ಬರ್ ಬೇಡ, ಅದು ಜೊತೆಗಿದ್ದರೆ ಗಮನವೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ಮೊದಲ ಐದು ನಿಮಿಷ ಏನನ್ನೂ ಬಿಡಿಸದೆ ನೋಡಿ. ಸಾಮಾನ್ಯವಾಗಿ ವಯಸ್ಕರ ಕಣ್ಣುಗಳು ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸರಿಸುಮಾರು ನಡುವಿನಲ್ಲಿರುತ್ತವೆ, ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನಷ್ಟು ಅಂತರವಿರುತ್ತದೆ, ಕಿವಿಗಳು ಹುಬ್ಬಿನ ಮಟ್ಟದಿಂದ ಮೂಗಿನ ಕೆಳಅಂಚಿನ ಮಟ್ಟದವರೆಗೆ ಬರುತ್ತವೆ. ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ನೀವು ನೋಡುತ್ತಿರುವ ಮುಖ ಇದಕ್ಕಿಂತ ಎಲ್ಲಿ ಬೇರೆಯಾಗಿದೆ ಎಂದು ಹುಡುಕಿ. ಅಂಗಗಳಿಗಿಂತ ಅವುಗಳ ನಡುವಿನ ಅಂತರವೇ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಮೂಗಿಗೂ ಮೇಲ್ದುಟಿಗೂ ನಡುವೆ ಇರುವ ಜಾಗವನ್ನು ಗಮನಿಸುವವರು ಬಹಳ ಕಡಿಮೆ. ಆಮೇಲೆ ದೇಹವನ್ನು ನೋಡಿ. ಪರಿಚಿತರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವಲ್ಲ, ಆದ್ದರಿಂದ ಭುಜ ಯಾವ ಕಡೆ ಇಳಿದಿದೆ, ಮಾತಾಡುವಾಗ ಕತ್ತು ಎಷ್ಟು ಮುಂದೆ ಬರುತ್ತದೆ, ಸುಮ್ಮನಿದ್ದಾಗ ಕೈಗಳು ಏನು ಮಾಡುತ್ತವೆ ಎಂಬುದೂ ಹೋಲಿಕೆಯ ಭಾಗವೇ.

ಕಂಡದ್ದನ್ನು ಹಾಳೆಯ ಮೂಲೆಯಲ್ಲಿ ಒಂದು ವಾಕ್ಯವಾಗಿ ಬರೆಯಿರಿ: ‘ಹಣೆ ಅಗಲ, ಗದ್ದ ಚಿಕ್ಕದು, ಎಡಭುಜ ಇಳಿದಿದೆ.’ ಬಳಿಕ ತಲೆಯ ಒಟ್ಟು ಆಕಾರವನ್ನು ಒಂದೇ ಗೆರೆಯಲ್ಲಿ ಹಾಕಿ. ಹಣೆಯನ್ನು ಹಿಗ್ಗಿಸಿದರೆ ಗದ್ದವನ್ನು ಅಷ್ಟೇ ಕುಗ್ಗಿಸಿ. ಎಲ್ಲವನ್ನೂ ಹಿಗ್ಗಿಸಿದರೆ ಯಾವುದೂ ಎದ್ದು ಕಾಣದು.

ಫೋನಿನಿಂದ ತೀರಾ ಹತ್ತಿರದಲ್ಲಿ ತೆಗೆದ ಫೋಟೊ ಮೂಗನ್ನು ದೊಡ್ಡದಾಗಿಯೂ ಕಿವಿಗಳನ್ನು ಚಿಕ್ಕದಾಗಿಯೂ ತೋರಿಸುವುದರಿಂದ, ಅದನ್ನು ನೋಡಿ ಕಲಿಯುವುದು ನನಗೆ ಒಪ್ಪಿಗೆಯಿಲ್ಲ. ನೇರವಾಗಿ ನೋಡಿಯೇ ಕಲಿಯಬೇಕು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಬಾಲ್ಯದಿಂದಲೂ ಕಾಗೆಗಳನ್ನು ನೋಡಿ ನೋಡಿ ಚಿತ್ರಿಸಿದವರು. ರಾಜಕಾರಣಿಗಳನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿದಿಡುತ್ತಿದ್ದುದರ ಹಿಂದೆ ಆ ನೋಟದ ಅಭ್ಯಾಸವಿದೆಯೆಂದು ನಾನು ನಂಬುತ್ತೇನೆ. ಬೆಂಗಳೂರಿನಲ್ಲಿರುವವರು ಟ್ರಿನಿಟಿ ವೃತ್ತದ ಬಳಿಯ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿ, ಒಂದೊಂದು ಚಿತ್ರದಲ್ಲಿ ಯಾವುದನ್ನು ಹಿಗ್ಗಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಪರಿಶೀಲಿಸಬಹುದು.

ಗಾಯದ ಗುರುತು, ಅಂಗವೈಕಲ್ಯ, ಮೈಬಣ್ಣ ಇವುಗಳನ್ನು ಹಿಗ್ಗಿಸಬೇಡಿ. ಅವು ಸುಲಭವಾಗಿ ಕಣ್ಣಿಗೆ ಬೀಳುತ್ತವೆಯೇ ಹೊರತು ವ್ಯಕ್ತಿಯ ಸ್ವಭಾವವನ್ನು ಹೇಳುವುದಿಲ್ಲ. ನೋಟದಿಂದ ಯಾರಿಗಾದರೂ ಮುಜುಗರವಾದಂತೆ ಕಂಡರೆ ಪುಸ್ತಕ ಮುಚ್ಚಿ, ಇಲ್ಲವೇ ವಿಷಯ ತಿಳಿಸಿ ಅನುಮತಿ ಕೇಳಿ.

ಈ ಅಭ್ಯಾಸ ಕೈಗೆ ಹತ್ತಿದ ಮೇಲೆ ಮನೆಯವರನ್ನೋ ಸಹೋದ್ಯೋಗಿಗಳನ್ನೋ ನೆನಪಿನಿಂದ ಬಿಡಿಸಿ, ಅವರನ್ನು ಬಲ್ಲವರಿಗೆ ಹೆಸರು ಹೇಳದೆ ತೋರಿಸಿ. ಗುರುತು ಸಿಗದಿದ್ದರೆ ಆ ಚಿತ್ರವನ್ನು ತಿದ್ದಲು ಹೋಗದೆ, ಮತ್ತೊಮ್ಮೆ ಅವರೆದುರು ಕುಳಿತು ಬರಿಗೈಯಲ್ಲಿ ನೋಡುವುದರಿಂದಲೇ ಆರಂಭಿಸಿ.