ಪುಷ್ಯದ ಮಳೆಯಲ್ಲೂ ಬೀಳದೆ ನಿಂತ ಆರ್‌ಸಿಸಿಬಿ: ಮೂಡಿಗೆರೆ ಕಡೆಯ ಹೊಸ ಮನೆಯ ವೈರಿಂಗ್

ನಮ್ಮ ಕಡೆ ಮನೆ ಕಟ್ಟಿಸುವವರಿಗೆ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕೋಣ ಅಂದರೆ ಬರುವ ಉತ್ತರ ಒಂದೇ: "ಮಳೆಗಾಲದಲ್ಲಿ ಅದು ನಿಲ್ಲಲ್ಲ ಬಿಡಿ." ಆರಿದ್ರಾ ಹಿಡಿಯುತ್ತಿದ್ದಂತೆ ಟ್ರಿಪ್ ಶುರು. ಪುನರ್ವಸು ಹೊತ್ತಿಗೆ ಯಾರೋ ಬಂದು ಬೈಪಾಸ್ ಮಾಡಿ, ಅಂದರೆ ಅದನ್ನು ಬಿಟ್ಟು ನೇರ ವೈರ್ ಜೋಡಿಸಿ, ಹೋಗಿರುತ್ತಾರೆ. ಆಮೇಲೆ ಆ ಮನೆಯಲ್ಲಿ ಗೀಸರ್ ಶಾಕ್ ಹೊಡೆದರೆ ಕೇಳುವವರೇ ಇಲ್ಲ. ಮೂಡಿಗೆರೆ ಹತ್ತಿರ ಸುಮಾರು 1,600 ಚದರಡಿಯ ಮನೆಗೆ ನಾಲ್ಕು ಆರ್‌ಸಿಸಿಬಿ ಹಾಕಿದ್ದೇನೆ, ನಾಲ್ಕೂ 30 ಎಂಎ (ಮಿಲಿಆಂಪ್) ಸೋರಿಕೆಯವು. ಒಂದನ್ನೇ ನಿಲ್ಲಿಸೋದು ಕಷ್ಟ, ಇನ್ನು ನಾಲ್ಕು ನಿಲ್ಲುತ್ತಾ ಅಂತ ಸುತ್ತಲಿನ ಎಲೆಕ್ಟ್ರಿಷಿಯನ್‌ಗಳೆಲ್ಲ ಅಂದಿದ್ದರು. ಈ ವರ್ಷದ ಪುಷ್ಯ, ಆಶ್ಲೇಷ ಎರಡೂ ಮಳೆ ಜಡಿದು ಹೋದವು. ನಾಲ್ಕೂ ನಿಂತಿವೆ, ಯಾವುದಕ್ಕೂ ಬೈಪಾಸ್ ಇಲ್ಲ.

ಟ್ರಿಪ್ ಆದ ಕೂಡಲೇ ನಮ್ಮವರು ಮಾಡುವುದು ಎಲ್ಲ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ, ಲೈನಿಗೊಂದು ಸ್ವಿಚ್) ಕೆಳಗೆ ಹಾಕಿ, ಒಂದೊಂದಾಗಿ ಎತ್ತಿ ನೋಡುವುದು. ಎಲ್ಲ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ "ಐಟಂ ಕೆಟ್ಟಿದೆ" ಅಂತ ತೀರ್ಮಾನ. ಬಹುತೇಕ ಐಟಂ ಕೆಟ್ಟಿರುವುದಿಲ್ಲ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸ್ ಮಾತ್ರ. ಗೇಟ್ ಲೈಟಿನ ಬಾಕ್ಸಿನಲ್ಲಿ ನೀರು ನಿಂತು ನ್ಯೂಟ್ರಲ್ಲು ಅರ್ಥಿಗೆ ತಾಗಿದ್ದರೆ, ಎಂಸಿಬಿ ಕೆಳಗಿದ್ದರೂ ಆ ನ್ಯೂಟ್ರಲ್ ವೈರು, ನ್ಯೂಟ್ರಲ್ಲುಗಳೆಲ್ಲ ಸೇರುವ ಲೋಹದ ಪಟ್ಟಿಗೆ, ಅಂದರೆ ಬಾರಿಗೆ, ಸೇರಿಕೊಂಡೇ ಇರುತ್ತದೆ. ಇನ್ನು ಕೆಲವೊಮ್ಮೆ ಮನೆಯಲ್ಲಿ ಗ್ರೈಂಡರ್ ಹಾಕಿದಾಗ, ಪಂಪ್ ಎತ್ತಿದಾಗ ಮಾತ್ರ ಟ್ರಿಪ್ ಆಗಿ, ತಪ್ಪು ಗ್ರೈಂಡರಿನದು ಅನ್ನಿಸುತ್ತದೆ. ಅದಕ್ಕೇ ಹೊರಗಿನ ಲೈನು, ಬಚ್ಚಲ ಲೈನು ಎರಡಕ್ಕೂ ಡಬಲ್ ಪೋಲ್ ಎಂಸಿಬಿ ಹಾಕಿದೆ. ಅದೊಂದನ್ನು ಇಳಿಸಿದರೆ ನ್ಯೂಟ್ರಲ್ಲೂ ಕಡಿಯುತ್ತದೆ, ಉಳಿದ ಮನೆ ನಡೆಯುತ್ತದೆ.

ಇನ್ನೊಂದು ಕಾರಣ ಒಟ್ಟು ಸೋರಿಕೆ. 30 ಎಂಎ ಅಂತ ಬರೆದಿದ್ದರೂ ಅದು 15ರ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ನಾನು ಅಳೆದವು ಬಹುತೇಕ 20–24ರೊಳಗೇ ಬಿದ್ದಿವೆ. ಎಲ್‌ಇಡಿ ಡ್ರೈವರ್, ಟಿವಿ, ವಾಷಿಂಗ್ ಮೆಷಿನ್, ಹಳೇ ಗೀಸರ್ ಕಾಯಿಲ್ ಎಲ್ಲದರದ್ದೂ ಚೂರುಚೂರು ಸೋರಿಕೆ ಇದ್ದೇ ಇರುತ್ತದೆ. ಹೋಲಿಕೆಗೆ ಅಂತ ಪಕ್ಕದ ಮನೆಯೊಂದರಲ್ಲಿ ಲೀಕೇಜ್ ಕ್ಲ್ಯಾಂಪ್ (ಸೋರಿಕೆ ಅಳೆಯುವ ಮೀಟರ್) ಹಾಕಿ ನೋಡಿದಾಗ ಜೋರು ಮಳೆಯಲ್ಲಿ 12 ಎಂಎ ಆಸುಪಾಸು ತೋರಿಸಿತು. ಅಷ್ಟನ್ನು ಒಂದೇ ಆರ್‌ಸಿಸಿಬಿ ಹೊತ್ತರೆ, ಇನ್ನೊಂದಿಷ್ಟು ಸೋರಿಕೆ ಸೇರಿದಾಗ ಬೀಳದೆ ಇರುತ್ತದೆಯೇ? ನಾಲ್ಕಾಗಿ ಹಂಚಿದ ಈ ಮನೆಯಲ್ಲಿ ಯಾವ ಗುಂಪಿನದೂ ನಾಲ್ಕೈದು ದಾಟಿಲ್ಲ. 100 ಎಂಎ ಹಾಕಿಯೂ ನೋಡಿದ್ದಾಯಿತು. ನಿಲ್ಲುತ್ತದೆ, ಆದರೆ ಅದು ಬೆಂಕಿ ತಡೆಯೋಕೆ ಸರಿ, ಮನುಷ್ಯನನ್ನು ಉಳಿಸೋಕಲ್ಲ. ತೆಗೆಸಿದೆ.

ಗುಂಪು ಹೀಗೆ. ಒಂದು: ಲೈಟು, ಫ್ಯಾನು, ವೈಫೈ, ಅಂದರೆ ಯುಪಿಎಸ್ ಲೈನು. ಎರಡು: ಅಡುಗೆಮನೆ ಮತ್ತು ಉಳಿದ 16 ಆಂಪ್ ಸಾಕೆಟ್‌ಗಳು. ಮೂರು: ಗೀಸರ್, ವಾಷಿಂಗ್ ಮೆಷಿನ್. ನಾಲ್ಕು: ಗೇಟು, ಜಗಲಿ, ಪಂಪು, ಕ್ಯಾಮೆರಾ. ಮೂರಕ್ಕೆ ಎ ಟೈಪ್ (ಬಡಿತದ ಡಿಸಿ ಸೋರಿಕೆಯನ್ನೂ ಹಿಡಿಯುವ ಆರ್‌ಸಿಸಿಬಿ) ತಗೊಳ್ಳಿ; ಈಗಿನ ಇನ್ವರ್ಟರ್ ವಾಷಿಂಗ್ ಮೆಷಿನ್ನಿಗೆ ಎಸಿ ಟೈಪ್ ಸಾಲದು. ಯುಪಿಎಸ್ ಗುಂಪಿನ ಆರ್‌ಸಿಸಿಬಿ ಯುಪಿಎಸ್ ಔಟ್‌ಪುಟ್ ಆದಮೇಲೆ ಬರಬೇಕು. ಮೊದಲೇ ಇಟ್ಟರೆ ಬ್ಯಾಟರಿಯಲ್ಲಿ ನಡೆಯುವಾಗ ಅದಕ್ಕೆ ಕೆಲಸವೇ ಇಲ್ಲ, ಮತ್ತು ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ದಿನಗಟ್ಟಲೆ ಬ್ಯಾಟರಿಯೇ ಗತಿ.

ಇಷ್ಟು ಮಾಡಿ ನ್ಯೂಟ್ರಲ್ ಬೆರೆಸಿದರೆ ಎಲ್ಲ ವ್ಯರ್ಥ. ರೂಢಿಯಲ್ಲಿ ಫೇಸ್ ಬೇರೆ ಬೇರೆ ಎಳೆದು, ನ್ಯೂಟ್ರಲ್ಲನ್ನು ಹತ್ತಿರ ಸಿಕ್ಕ ಬೋರ್ಡಿಂದ ಲೂಪ್ ಹಾಕಿಬಿಡುತ್ತಾರೆ. ಇಲ್ಲಿ ಒಂದೇ ಒಂದು ಕಡೆ ಹಾಗಾದರೂ ಲೈಟ್ ಹಾಕಿದ ಕ್ಷಣ ಒಂದೋ ಎರಡೋ ಆರ್‌ಸಿಸಿಬಿ ಬೀಳುತ್ತವೆ. ಹೆಚ್ಚು ಸಿಕ್ಕಿಬೀಳುವ ಜಾಗ ಮೆಟ್ಟಿಲಿನ ಟೂ ವೇ ಸ್ವಿಚ್ (ಒಂದೇ ಲೈಟನ್ನು ಮೇಲಿಂದಲೂ ಕೆಳಗಿಂದಲೂ ಹಾಕುವುದು): ಫೇಸ್ ಕೆಳಗಿನ ಬೋರ್ಡಿಂದ, ನ್ಯೂಟ್ರಲ್ ಮೇಲಿನ ಬೋರ್ಡಿನ ಬೇರೆ ಗುಂಪಿನಿಂದ. ಎರಡನೆಯದು ಒಂದೇ ಬೋರ್ಡಿನಲ್ಲಿ ಯುಪಿಎಸ್ ಲೈಟು, ಪಕ್ಕದಲ್ಲೇ 16 ಆಂಪ್ ಸಾಕೆಟ್ಟು ಇರುವಲ್ಲಿ. ಆದ್ದರಿಂದ ಪ್ರತಿ ಸರ್ಕ್ಯೂಟಿನ ನ್ಯೂಟ್ರಲ್ ಡಿಬಿಯಿಂದಲೇ (ಎಂಸಿಬಿಗಳೆಲ್ಲ ಕೂರುವ ಪೆಟ್ಟಿಗೆ) ಹೊರಡಬೇಕು. ನ್ಯೂಟ್ರಲ್ಲಿನ ಕಪ್ಪು ವೈರಿನ ಎರಡೂ ತುದಿಗೆ ಗುಂಪಿಗೊಂದು ಬಣ್ಣದ ಟೇಪು, ವೈರ್ ಎಳೆಯುವಾಗಲೇ. ಆಮೇಲೆ ಸುತ್ತುತ್ತೇನೆ ಅಂದರೆ ಕೆಟ್ಟಿತು. ಅಂಗಡಿಯ ಡಿಬಿಯಲ್ಲಿ ಸಾಮಾನ್ಯವಾಗಿ ಒಂದೇ ನ್ಯೂಟ್ರಲ್ ಬಾರ್ ಇರುತ್ತದೆ, ಉಳಿದ ಮೂರನ್ನು ಬೇರೆ ತಂದು ಕೂರಿಸಬೇಕು. 12 ವೇ ಬಾಕ್ಸ್ ಸಾಲದು. ಆರ್‌ಸಿಸಿಬಿಗಳೇ ಎಂಟು ಮಾಡ್ಯೂಲ್ ಜಾಗ ತಿನ್ನುತ್ತವೆ. ಮೂರು ಸಾಲಿನ ಡಿಬಿ ಹಾಕಿದೆ.

ಸಿಡಿಲಿಗೆ ಎಸ್‌ಪಿಡಿ (ಸಿಡಿಲಿನ ಹೊಡೆತವನ್ನು ಅರ್ಥಿಗೆ ಹರಿಸುವ ಸಾಧನ) ಹಾಕುವವರು ಅದನ್ನು ಆರ್‌ಸಿಸಿಬಿಗಿಂತ ಮೊದಲು, ಮೇನ್ ಸ್ವಿಚ್ ಪಕ್ಕದಲ್ಲೇ ಕೂರಿಸಿ. ನಂತರ ಕೂರಿಸಿದರೆ ಸಿಡಿಲು ಹೊಡೆದಾಗ ಟ್ರಿಪ್ ಆಗಬಹುದು. ಅರ್ಥ್ ಬಾರಿಗೆ ಹೋಗುವ ಅದರ ವೈರು ಅರ್ಧ ಮೀಟರ್ ಮೀರಬಾರದು, ಸುರುಳಿ ಸುತ್ತಿ ಇಡಲೇಬಾರದು.

ಪೈಪು 25 ಎಂಎಂ ಮೀಡಿಯಂ, ಅದರಲ್ಲಿ ಎಂಟು ವೈರಿಗಿಂತ ಹೆಚ್ಚು ತುರುಕಿಲ್ಲ. ಲೈಟಿಗೆ 1.5, ಸಾಕೆಟ್ಟಿಗೆ 2.5, ಗೀಸರಿಗೆ 4 ಚದರ ಎಂಎಂ. ಮಲೆನಾಡಿನಲ್ಲಿ ಸ್ಲ್ಯಾಬ್ ಪೈಪಿನೊಳಗೆ ನೀರು ಕೂರುತ್ತದೆ. ಸೆಂಟ್ರಿಂಗ್ ಮೇಲೆ ಕಂಬಿಗೆ ಕಟ್ಟುವಾಗ ಎರಡು ಫ್ಯಾನ್ ಬಾಕ್ಸ್ ನಡುವೆ ಪೈಪು ಜೋತುಬಿದ್ದರೆ ಆ ತಗ್ಗಿನಲ್ಲಿ ನಿಂತ ನೀರು ಎರಡು ಬೇಸಿಗೆ ಕಳೆದರೂ ಆರಲ್ಲ. ಎರಡಡಿಗೊಂದು ಕಟ್ಟು, ಬಾಕ್ಸ್ ಕಡೆಗೆ ಇಳಿಜಾರು. ಮೋಲ್ಡ್ ಆದಮೇಲೆ ತಗ್ಗು ಎಲ್ಲಿದೆ ಅಂತ ಒಡೆಯದೆ ಹುಡುಕುವ ಉಪಾಯ ಒಂದಿದೆ. ಅದು ನಮ್ಮ ಅನ್ನ, ಇಲ್ಲಿ ಬರೆಯಲ್ಲ.

ಹೊರಗಿನ ಬಾಕ್ಸುಗಳ ವಿಷಯದಲ್ಲಿ ಸಿಲಿಕೋನ್ ಸೀಲಂಟ್ ನಂಬಬೇಡಿ. ಸುತ್ತಲೂ ಬಿಗಿಯಾಗಿ ಬಳಿದ ಗೇಟ್ ಲೈಟನ್ನು ಜುಲೈನಲ್ಲಿ ಬಿಚ್ಚಿದರೆ ಗಾಜಿನ ಒಳಗೆಲ್ಲ ಬೆವರು, ಕನೆಕ್ಟರಿನ ಸ್ಕ್ರೂ ಹಸಿರುಗಟ್ಟಿ ಕೂತಿತ್ತು. ಹಗಲು ಬಿಸಿಯಾಗಿ ರಾತ್ರಿ ತಣಿದಾಗ ಒಳಗೇ ನೀರಾಗುತ್ತದೆ, ಹೊರಹೋಗಲು ದಾರಿ ಇಲ್ಲ. ಈಗ ಮೇಲು ಮತ್ತು ಎರಡು ಪಕ್ಕ ಮಾತ್ರ ಬಳಿದು, ತಳದಲ್ಲಿ 5 ಎಂಎಂ ತೂತು ಬಿಡುತ್ತೇನೆ, ತೂತಿಗೆ ಸಣ್ಣ ಸ್ಟೀಲ್ ಜಾಲರಿ. ಜಾಲರಿ ಇಲ್ಲದಿದ್ದರೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ, ಆ ಮಣ್ಣು ಹಸಿಯಾದರೆ ಅದೇ ಸೋರಿಕೆ. ಪೈಪು ಗೋಡೆ ದಾಟುವಲ್ಲಿ ಹೊರಕ್ಕೆ ಇಳಿಜಾರಿರಬೇಕು.

ಅರ್ಥಿಂಗ್‌ಗೆ ಎರಡು ಗುಂಡಿ, 2.5 ಮೀಟರ್ ಜಿಐ ಪೈಪು. ಮಳೆಗಾಲದಲ್ಲಿ ಅಳೆದು ಖುಷಿಪಡಬೇಡಿ, ನಮ್ಮ ಗುಡ್ಡದ ಕೆಂಪು ಗರಸು ಮಾರ್ಚ್‌ನಲ್ಲಿ ಕಾದು ಒಣಗುತ್ತದೆ. ಇದ್ದಿಲು ಉಪ್ಪು ತುಂಬಿದ ಒಂದು ಗುಂಡಿ ಬೇಸಿಗೆಯಲ್ಲಿ ಎಂಟೊಂಬತ್ತು ಓಮ್ ತೋರಿಸಿತ್ತು. ಎರಡನೆಯದಕ್ಕೆ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿ ಎರಡನ್ನೂ ಜೋಡಿಸಿದ ಮೇಲೆ ಮೂರೂವರೆಗೆ ಇಳಿಯಿತು.

ಪಾಯಿಂಟ್ ಗುರುತು ಗೋಡೆ ಎದ್ದ ಮೇಲೆ, ಗಾರೆಗೆ ಮುಂಚೆ, ಸೀಮೆಸುಣ್ಣದಲ್ಲಿ. ಮನೆಯ ಹೆಂಗಸರು ಜೊತೆಗಿರಲೇಬೇಕು. ಅಳತೆ ಎಲ್ಲ ಟ್ಯೂಬ್ ಲೆವೆಲ್ ಗೆರೆಯಿಂದ (ನೀರಿನ ಟ್ಯೂಬ್ ಹಿಡಿದು ಗೋಡೆಗೆ ಎಳೆದ ಸಮಮಟ್ಟದ ಗೆರೆ), ನೆಲದಿಂದಲ್ಲ. ಟೈಲ್ಸ್ ಬಂದರೆ ಎರಡು ಮೂರು ಇಂಚು ಏರುತ್ತದೆ. ಅಡುಗೆ ಕಟ್ಟೆಯ ಮೇಲೆ ಒಂಬತ್ತು ಇಂಚಿಗೆ ನಾಲ್ಕು 16 ಆಂಪ್, ಎರಡೆರಡಾಗಿ ಬೇರೆ ಸರ್ಕ್ಯೂಟು: ಇಂಡಕ್ಷನ್ನು ಓವನ್ನು ಒಂದೇ ವೈರಿನಲ್ಲಿ ಬರಕೂಡದು. ಸಿಂಕಿನ ನೇರಕ್ಕೆ ಯಾವುದೂ ಬೇಡ. ಗೀಸರಿಗೆ 20 ಆಂಪ್ ಡಬಲ್ ಪೋಲ್ ಸ್ವಿಚ್, ಬಚ್ಚಲ ಬಾಗಿಲ ಹೊರಗೆ. ಹಿಂದಿನ ಜಗಲಿಯಲ್ಲಿ ಬಟ್ಟೆ ಒಣಗಿಸಲು ಫ್ಯಾನ್ ಪಾಯಿಂಟ್ ಕೊಟ್ಟಿದ್ದನ್ನು ಈ ಮಳೆಗಾಲದಲ್ಲಿ ಎಲ್ಲರೂ ಹೊಗಳಿದರು. ಬೂಷ್ಟು ತಡೆಯಲು ಬೀರುವಿನೊಳಗೆ ಸಣ್ಣ ಬಲ್ಬಿನ ಪಾಯಿಂಟ್ ಕೊಟ್ಟೆವು. ಎಲ್‌ಇಡಿ ಹಾಕಿದರೆ ಶಾಖವೇ ಇಲ್ಲ, ಹಳೇ ತಂತಿ ಬಲ್ಬೇ ಬೇಕು. ಅದೂ ಬಟ್ಟೆಗೆ ತಾಗದ ಹಾಗೆ ಜಾಲರಿಯೊಳಗೆ.

ಆಗ ಬಿದ್ದ ಹೆಚ್ಚುವರಿ ಖರ್ಚು: ನ್ಯೂಟ್ರಲ್ಲಿಗೆ ನಾಲ್ಕು ಕಾಯಿಲ್ ಕಪ್ಪು ವೈರು, ಎಂಟೊಂಬತ್ತು ಸಾವಿರ. ಒಂದರ ಬದಲು ನಾಲ್ಕು ಹಾಕಿದ್ದರಿಂದ ಹೆಚ್ಚಾದ ಮೂರು ಆರ್‌ಸಿಸಿಬಿ ಏಳು ಸಾವಿರದ ಹತ್ತಿರ. ದೊಡ್ಡ ಡಿಬಿ, ಡಬಲ್ ಪೋಲ್‌ಗಳು, ಬಾರುಗಳು ಇನ್ನೊಂದು ಆರು. ಎಲ್ಲ ಸೇರಿ 22 ಸಾವಿರದ ಆಸುಪಾಸು, ಒಟ್ಟು ವೈರಿಂಗ್ ಎರಡು ಲಕ್ಷ ಚಿಲ್ಲರೆ ಆದ ಮನೆಗೆ. ಮಾಲೀಕರು ಮೊದಲು ಒಪ್ಪಲಿಲ್ಲ. ಬೈಪಾಸ್ ಮಾಡಿದ ಮನೆಯೊಂದರ ಗೀಸರಿನ ಮೈಗೆ ಟೆಸ್ಟರ್ ಇಟ್ಟು ತೋರಿಸಿದ ಮೇಲೆ ಒಪ್ಪಿದರು.

ಕರೆಂಟ್ ಕೊಡುವ ಮುಂಚಿನ ಪರೀಕ್ಷೆ ಬಿಡಬೇಡಿ. ಲೈಟು ಫ್ಯಾನು ಕೂರಿಸುವ ಮೊದಲು, ಮೇನ್ ಆಫ್, ಎಂಸಿಬಿ ಆಫ್. ನ್ಯೂಟ್ರಲ್ ಬಾರುಗಳನ್ನು ಆರ್‌ಸಿಸಿಬಿಯಿಂದ ಬಿಚ್ಚಿ 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಒಂದಕ್ಕೊಂದು ಬಾರಿನ ನಡುವೆ, ಆಮೇಲೆ ಪ್ರತಿ ಬಾರಿಗೂ ಅರ್ಥಿಗೂ ನಡುವೆ ನೋಡಿ. ಡಬಲ್ ಪೋಲ್ ಇರುವ ಲೈನನ್ನು ಎಂಸಿಬಿಯ ಔಟ್‌ಪುಟ್ಟಿನಲ್ಲೇ ಹಿಡಿಯಬೇಕು. ಹೊಸ ವೈರಿಂಗಿನಲ್ಲಿ ನೂರಾರು ಮೆಗಾಓಮ್ ಬರಬೇಕು. ಬಾರುಗಳ ನಡುವೆ ಸೊನ್ನೆ ಬಂದರೆ ನ್ಯೂಟ್ರಲ್ ಎಲ್ಲೋ ಬೆರೆತಿದೆ, ಮೊದಲು ಮೆಟ್ಟಿಲ ಬೋರ್ಡ್ ಬಿಚ್ಚಿ. ಅರ್ಥಿಗೆ ಒಂದೆರಡೇ ಮೆಗಾಓಮ್ ಬಂದರೆ ಎಲ್ಲೋ ಬಾಕ್ಸಿನ ಸ್ಕ್ರೂ ವೈರಿಗೆ ಚುಚ್ಚಿದೆ ಅಥವಾ ಪೈಪಿನಲ್ಲಿ ನೀರಿದೆ. ಗಾರೆ ಆದಮೇಲೆ ಒಮ್ಮೆ, ಪೇಂಟ್ ಮುಗಿದ ಮೇಲೆ ಇನ್ನೊಮ್ಮೆ ಅಳೆದು, ಎರಡೂ ಅಂಕಿಗಳನ್ನು ಡಿಬಿ ಬಾಗಿಲ ಒಳಗೆ ಬರೆದಿಡಿ.