ಮನೆಯಿಂದ ಒಂದು ಹಾಡು ತನ್ನಿ

ವಿಜಯಪುರ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ 16 ವರ್ಷದಿಂದ ಮೂರನೆಯ, ನಾಲ್ಕನೆಯ ತರಗತಿಗೆ ಕಲಿಸುತ್ತಿದ್ದೇನೆ. ನಮ್ಮಲ್ಲಿ ಸಂಗೀತ ಶಿಕ್ಷಕರಿಲ್ಲ, ಹಾರ್ಮೋನಿಯಂ ಇಲ್ಲ. ನಾನೂ ಸಂಗೀತ ಕಲಿತವಳಲ್ಲ. ಸಣ್ಣವಳಿದ್ದಾಗ ಅವ್ವನ ಪಕ್ಕ ಭಜನೆಗೆ ಕೂತು ತಾಳ ಹಾಕಿದ್ದೇ ನನ್ನ ಕಲಿಕೆ. ಆದರೂ ದಿನಾ 15 ನಿಮಿಷ ಮಕ್ಕಳಿಂದ ಹಾಡಿಸುತ್ತೇನೆ. ಇದಕ್ಕೆ ಬೇಕಾದ್ದು ತುಂಬಾ ಕಡಿಮೆ.

ಮೊದಲು ಹಾಡು ಬೇಕು, ಅಲ್ವಾ? ಅದನ್ನು ಮೊಬೈಲಿನಲ್ಲಿ ಹುಡುಕಬೇಡಿ. "ನಾಳೆ ಮನೆಯಿಂದ ಒಂದು ಹಾಡು ತನ್ನಿ" ಎಂದು ಮಕ್ಕಳಿಗೇ ಹೇಳಿ. ಅಜ್ಜಿಯ ಬೀಸುವ ಪದ, ಜೋಗುಳ, ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನ ಮುಂದೆ ಹಾಡುವ ಪದ, ಮೊಹರಮ್ಮಿನ ರಿವಾಯತ್ ಪದ, ಏನು ಬಂದರೂ ಸರಿ. ಬರೆಯಲು ಬರುವ ಮಗು ಬರೆದು ತರಲಿ, ಬಾರದ ಮಗು ಬಾಯಲ್ಲೇ ತರಲಿ. ನಮ್ಮ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡದ್ದೂ ಇಂಥ ಹಾಡುಗಳನ್ನೇ. ಎಂಟು ವರ್ಷದ ಮಗುವೂ ಆ ಕೆಲಸ ಮಾಡಬಲ್ಲದು. ಹಾಳೆಯ ಕೆಳಗೆ ಹಾಡು ಕೊಟ್ಟವರ ಹೆಸರನ್ನು ತಪ್ಪದೆ ಬರೆಸಿ, ಗೋಡೆಗೆ ಹಚ್ಚಿ. ತಮ್ಮ ಹೆಸರು ನೋಡಲು ಶಾಲೆಯ ತನಕ ನಡೆದು ಬಂದ ಅಜ್ಜಿಯರು ನಮ್ಮೂರಲ್ಲಿದ್ದಾರೆ.

ತಾಂಡಾದಿಂದ ಬರುವ ಒಬ್ಬ ಹುಡುಗಿ ಮೂರನೆಯ ತರಗತಿಗೆ ಸೇರಿದ್ದಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ದೀಪಾವಳಿ ಮುಗಿಸಿ ಅಪ್ಪ ಅವ್ವನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದರೆ ತಿರುಗಿ ಬರುವುದು ಯುಗಾದಿ ಹೊತ್ತಿಗೆ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹಾಡು ತರಲು ಹೇಳಿದ ಮೂರನೆಯ ದಿನ ನನ್ನ ಹತ್ತಿರ ಬಂದು, "ಅಕ್ಕೋರ, ನಮ್ಮ ಮಾತಿನ್ಯಾಗ ಐತಿ, ನಡೀತೈತೇನ್ರಿ?" ಎಂದಳು. ದೀಪಾವಳಿಯಲ್ಲಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಮೇರಾ ಹಾಡು ಅದು. ನಮಗ್ಯಾರಿಗೂ ಅದರ ಮಾತು ತಿಳಿಯದು. ಅವಳೇ ಒಂದೊಂದು ಮಾತಿನ ಅರ್ಥ ಹೇಳಬೇಕಾಯಿತು, ಹೇಳಿದಳು. ಅವತ್ತು ಟೀಚರ್ ಅವಳೇ. ಒಂದು ವಾರದೊಳಗೆ ಹುಡುಗಿಯರು ಊಟಕ್ಕೆ ಅವಳ ಪಕ್ಕ ಕೂರತೊಡಗಿದರು.

ಹಾಡು ಸಿಕ್ಕ ಮೇಲೆ ತಾಳ. ಕೇರವಾ ಎಂಬ ತಾಳ ಒಂದೇ ಸಾಕು. ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ, ನಾಲ್ಕು ನಾಲ್ಕರ ಎರಡು ಭಾಗ. ಒಂದಕ್ಕೆ ಚಪ್ಪಾಳೆ, ಐದಕ್ಕೆ ಅಂಗೈ ಮೇಲೆ ಮಾಡಿ ಬೀಸುವುದು. ಇದು ಕೂತ ಮೇಲೆ ಮಕ್ಕಳನ್ನು ಮೂರು ಗುಂಪು ಮಾಡಿ. ಒಂದು ಗುಂಪು ಎಂಟೂ ಮಾತ್ರೆಗೆ ಬೆಂಚು ತಟ್ಟಲಿ, ಎರಡನೆಯದು ಎರಡಕ್ಕೊಮ್ಮೆ, ಮೂರನೆಯದು ನಾಲ್ಕಕ್ಕೊಮ್ಮೆ. ಎಂಟರ ಅರ್ಧ ನಾಲ್ಕು, ಕಾಲು ಎರಡು ಎನ್ನುವುದು ಕೈಗೇ ತಿಳಿಯುತ್ತದೆ. ಭಿನ್ನರಾಶಿ ಪಾಠಕ್ಕೆ ನಾನು ಇಲ್ಲಿಂದಲೇ ಹೋಗುತ್ತೇನೆ. ವಾದ್ಯ ಬೇಕೆಂದರೆ ಖಾಲಿ ಬಾಟಲಿಗೆ ಹಿಡಿ ಜೋಳ ಹಾಕಿ ಮುಚ್ಚಳ ಬಿಗಿ ಮಾಡಿ.

ಶ್ರುತಿ ಬಗ್ಗೆ ಒಂದು ಮಾತು. ಮಕ್ಕಳ ದನಿ ನಮ್ಮದಕ್ಕಿಂತ ಮೇಲಿರುತ್ತದೆ. ಗಂಡಸರು ತಮ್ಮ ದನಿಗೆ ಎತ್ತಿಕೊಂಡರೆ ಮಕ್ಕಳಿಗೆ ಕೆಳಗಿನ ಸ್ವರ ಸಿಗುವುದಿಲ್ಲ. ಹಾಗಾಗಿ ಒಂದು ಮಗುವೇ ಹಾಡು ಎತ್ತಲಿ, ನೀವು ಹಿಂದೆ ಹೋಗಿ. ಕತ್ತಿನ ನರ ಉಬ್ಬಿದರೆ ಸ್ವಲ್ಪ ಇಳಿಸಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹಿಮ್ಮೇಳ. ಗೀಗೀ ಪದದವರನ್ನು ನೋಡಿ. ಮುಂದಿನವರು ನುಡಿ ಹೇಳುತ್ತಾರೆ, ಹಿಂದಿನವರು "ಗೀಯ ಗೀಯ" ಎಂದು ಎತ್ತಿಕೊಳ್ಳುತ್ತಾರೆ. ಹಿಂದಿನವರ ಕಿವಿ ತಪ್ಪಿದರೆ ಪದವೇ ನಿಲ್ಲುತ್ತದೆ. ತರಗತಿಯಲ್ಲಿ ಹಾಗೆಯೇ ಮಾಡಿ. ದಿನಕ್ಕೊಂದು ಮಗು ಮುಂದೆ, ಉಳಿದವರು ಹಿಂದೆ. ಹಾಜರಿ ಪುಸ್ತಕದ ಕ್ರಮದಲ್ಲೇ ಸರದಿ ಕೊಡಿ, ಚೆನ್ನಾಗಿ ಹಾಡುವವರನ್ನು ಆರಿಸಬೇಡಿ. ಈ ತಪ್ಪು ನಾನೇ ಮಾಡಿದ್ದೇನೆ. ಒಮ್ಮೆ ಗ್ಯಾದರಿಂಗಿಗೆ ಆರು ಜನರನ್ನು ಆರಿಸಿ, ಸ್ವರ ತಪ್ಪುವ ಒಬ್ಬ ಹುಡುಗನಿಗೆ "ನೀನು ಸುಮ್ನೆ ಬಾಯಿ ಆಡಿಸು" ಎಂದೆ. ಆಮೇಲೆ ಅವನು ಓದುವಾಗಲೂ ದನಿ ತೆಗೆಯಲಿಲ್ಲ. ಒಂದು ಇಡೀ ವರ್ಷ. ಈಗ ಅಂಥ ಮಗುವಿನ ಕೈಗೆ ಮೊದಲು ತಾಳ ಕೊಡುತ್ತೇನೆ. ಸ್ವರ ನಿಧಾನಕ್ಕೆ ಬರುತ್ತದೆ. ಬಾರದಿದ್ದರೂ ಅವನು ಹಾಡಲಿ.

ಕೇಳುವುದನ್ನು ಕಲಿಸಲು ಗೋಳಗುಮ್ಮಟಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಬೆಳಿಗ್ಗೆ ಜನ ಕಡಿಮೆ ಇರುವಾಗ ಕರೆದೊಯ್ಯಿರಿ. ಮೇಲೆ ಹತ್ತಿದ ಕೂಡಲೇ ಮಕ್ಕಳು ಕೂಗುತ್ತಾರೆ, ಒಂದು ನಿಮಿಷ ಬಿಡಿ. ಆಮೇಲೆ ಒಬ್ಬರು ಒಂದೇ ಚಪ್ಪಾಳೆ ತಟ್ಟಲಿ, ಉಳಿದವರು ಅದು ಎಷ್ಟು ಸಲ ತಿರುಗಿ ಬರುತ್ತದೆಂದು ಬೆರಳು ಮಡಚಿ ಎಣಿಸಲಿ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಎದುರಿನ ಬದಿಗೆ ಕೇಳುತ್ತದೆ, ಆದರೆ ಎಲ್ಲರೂ ಸುಮ್ಮನಿದ್ದರೆ ಮಾತ್ರ. ನಾನು ಹೇಳುವ ಮೊದಲೇ ಮಕ್ಕಳು ಒಬ್ಬರಿಗೊಬ್ಬರು "ಶ್" ಎನ್ನುತ್ತಿದ್ದರು.

ತಾಂಡಾದ ಆ ಹುಡುಗಿ ಈ ಸಲ ಯುಗಾದಿಗೆ ವಾಪಸ್ ಬಂದಳು. ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಜೊತೆಯ ಮಕ್ಕಳಿಂದ ಒಂದು ಮರಾಠಿ ಹಾಡು ಕಲಿತು ತಂದಿದ್ದಾಳೆ. ಈಗ ಅದನ್ನೇ ಹಾಡುತ್ತಿದ್ದೇವೆ. ಎರಡನೆಯ ಸಾಲಿನಲ್ಲಿ ನಾನು ಇನ್ನೂ ತಪ್ಪುತ್ತೇನೆ, ಅವಳು ತಿದ್ದುತ್ತಾಳೆ.