ವಾಟ್ಸಾಪ್ ಬ್ಯಾಕಪ್‌ಗೆ ಬೀಗ ಹಾಕುವುದು ಹೇಗೆ?

ವಾಟ್ಸಾಪ್ ಸಂದೇಶಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತವೆ ಎಂಬುದು ಬಹುತೇಕರಿಗೆ ಗೊತ್ತು. 2016ರ ಏಪ್ರಿಲ್‌ನಿಂದ ಅದು ಎಲ್ಲರಿಗೂ ಅನ್ವಯ. ಕಳುಹಿಸಿದವರ ಫೋನು, ಪಡೆದವರ ಫೋನು ಬಿಟ್ಟರೆ ನಡುವೆ ಯಾರೂ ಓದಲಾರರು. ಆದರೆ ಅದೇ ಚಾಟ್‌ಗಳು ರಾತ್ರಿ ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಬ್ಯಾಕಪ್ ಆಗುವಾಗ ಆ ರಕ್ಷಣೆ ತಾನಾಗಿ ಜೊತೆಗೆ ಹೋಗುವುದಿಲ್ಲ. ಬ್ಯಾಕಪ್ ಎನ್‌ಕ್ರಿಪ್ಷನ್ 2021ರ ಅಕ್ಟೋಬರ್‌ನಲ್ಲಿ ಬಂದ ಬೇರೆಯೇ ಸೌಲಭ್ಯ, ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಮಾಡದಿದ್ದರೆ ನಿಮ್ಮ ಗೂಗಲ್ ಖಾತೆ ಯಾರ ಕೈಗೆ ಸಿಕ್ಕರೂ ವರ್ಷಗಟ್ಟಲೆಯ ಮಾತುಕತೆ ಅವರಿಗೆ ದಕ್ಕುವ ದಾರಿ ತೆರೆದೇ ಇರುತ್ತದೆ.

ಆನ್ ಮಾಡುವುದು ಸುಲಭ. ಜನ ಎಡವುವುದು ಪಾಸ್‌ವರ್ಡ್ ಇಡುವಾಗ. ಎಡವಿದ್ದು ಗೊತ್ತಾಗುವುದು ಮಾತ್ರ ಫೋನ್ ಕಳೆದ ದಿನ.

1. ಮೊದಲು ಸಿದ್ಧತೆ

ವಾಟ್ಸಾಪ್ ಅಪ್‌ಡೇಟ್ ಮಾಡಿ. ವೈಫೈ ಇರಲಿ, ಫೋನ್ ಚಾರ್ಜಿಗೆ ಹಾಕಿರಲಿ. ಡ್ರೈವ್‌ನಲ್ಲಿ ಜಾಗ ಎಷ್ಟಿದೆ ನೋಡಿ. ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್‌ನ ಉಚಿತ 15 ಜಿಬಿಯಲ್ಲೇ ಲೆಕ್ಕಕ್ಕೆ ಬರುತ್ತದೆ. ಜಾಗ ಸಾಲದಿದ್ದರೆ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಬಿಟ್ಟುಬಿಡಿ.

ಬ್ಯಾಕಪ್ ಯಾವ ಗೂಗಲ್ ಖಾತೆಗೆ ಹೋಗುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. ಫೋನ್ ಕೊಂಡಾಗ ಅಂಗಡಿಯವರು ಮಾಡಿಕೊಟ್ಟ, ಪಾಸ್‌ವರ್ಡ್ ಅವರಿಗೇ ಗೊತ್ತಿರುವ ಜಿಮೇಲ್ ಖಾತೆಗೆ ಹೋಗುತ್ತಿರುವ ಬ್ಯಾಕಪ್‌ಗಳು ಬೇಕಾದಷ್ಟಿವೆ. ಅಂಥದ್ದಾದರೆ ಖಾತೆ ಬದಲಿಸಿ. ಹಾಗೆ ಬದಲಿಸಿದಾಗ ಹಳೆಯ ಖಾತೆಯಲ್ಲಿರುವ ಬ್ಯಾಕಪ್ ತಾನಾಗಿ ಅಳಿಯುವುದಿಲ್ಲ. ಹೊಸ ಖಾತೆಯಲ್ಲಿ ಬ್ಯಾಕಪ್ ಪೂರ್ತಿಯಾದ ಮೇಲೆ ಹಳೆಯದರ ಡ್ರೈವ್ ಆ್ಯಪ್ ತೆರೆದು, ಮೆನುವಿನ ‘ಬ್ಯಾಕಪ್ಸ್’ ಒಳಗೆ ಹೋಗಿ ಕೈಯಾರೆ ಡಿಲೀಟ್ ಮಾಡಬೇಕು.

ಜಿಬಿ ವಾಟ್ಸಾಪ್‌ನಂಥ ನಕಲಿ ಆ್ಯಪ್ ಬಳಸುವವರಿಗೆ ಒಂದೇ ಮಾತು: ಮೊದಲು ಅದನ್ನು ಬಿಡಿ. ಯಾರೋ ತಿದ್ದಿದ ಆ್ಯಪ್ ಒಳಗೆ ಏನು ಸೇರಿಸಿದೆ ಎಂದು ನೋಡುವವರಿಲ್ಲ. ಎನ್‌ಕ್ರಿಪ್ಷನ್‌ನ ಯಾವ ಭರವಸೆಯೂ ಅಲ್ಲಿ ನಿಲ್ಲುವುದಿಲ್ಲ.

2. ಆನ್ ಮಾಡುವುದು

ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್, ಟರ್ನ್ ಆನ್. ಇಷ್ಟೇ.

3. ಪಾಸ್‌ವರ್ಡೋ, 64 ಅಂಕಿಯ ಕೀಯೋ?

ಇಲ್ಲಿ ಅವಸರ ಬೇಡ. ಪಾಸ್‌ವರ್ಡ್ ಅಥವಾ ವಾಟ್ಸಾಪ್ ತಾನೇ ಸೃಷ್ಟಿಸಿಕೊಡುವ 64 ಅಂಕಿಯ ಕೀ, ಎರಡರಲ್ಲೊಂದನ್ನು ಆರಿಸಬಹುದು. 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಪಾಸ್‌ಕೀ ಆಯ್ಕೆಯೂ ಕೆಲವರಿಗೆ ಕಾಣಬಹುದು. ಅದರಲ್ಲಿ ಬೆರಳಚ್ಚು, ಮುಖ ಅಥವಾ ಸ್ಕ್ರೀನ್‌ಲಾಕ್ ಸಾಕು, ನೆನಪಿಡುವ ಕೆಲಸವಿಲ್ಲ.

ನನ್ನ ಸಲಹೆ ಪಾಸ್‌ವರ್ಡ್. ನೀವಿಟ್ಟ ಪಾಸ್‌ವರ್ಡ್ ವಾಟ್ಸಾಪ್‌ಗೂ ಗೂಗಲ್‌ಗೂ ಗೊತ್ತಾಗುವುದಿಲ್ಲ. ಬ್ಯಾಕಪ್ ತೆರೆಯುವ ಕೀಯನ್ನು ವಾಟ್ಸಾಪ್ ವಿಶೇಷ ಭದ್ರತಾ ಹಾರ್ಡ್‌ವೇರ್ ಒಳಗೆ ಇಟ್ಟಿರುತ್ತದೆ. ಕೆಲವೇ ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಆ ಕೀ ಶಾಶ್ವತವಾಗಿ ಕೈತಪ್ಪುತ್ತದೆ. ಕಳ್ಳ ಲಕ್ಷ ಸಲ ಊಹಿಸಿ ನೋಡುವಂತಿಲ್ಲ. ಮರೆತ ನೀವೂ ಮನಸ್ಸಿಗೆ ಬಂದದ್ದನ್ನೆಲ್ಲ ಒತ್ತಿ ನೋಡುವಂತಿಲ್ಲ.

ಪಾಸ್‌ವರ್ಡ್‌ನಲ್ಲಿ ಕನಿಷ್ಠ 6 ಅಕ್ಷರ, ಅದರಲ್ಲಿ ಒಂದಾದರೂ ಇಂಗ್ಲಿಷ್ ಅಕ್ಷರ ಇರಬೇಕು. ಇದು ಕನಿಷ್ಠದ ಮಾತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ಮಗುವಿನ ಹೆಸರು, ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡುವುದು ಒಳ್ಳೆಯ ಉಪಾಯವೇ, ಆದರೆ ಅಲ್ಲೊಂದು ಕೊಕ್ಕೆ ಇದೆ. ಹುಣಸೆ ಎಂದು ಬರೆಯುವಾಗ ನಡುವೆ ಒಮ್ಮೆ ‘ಎ’ ಹಾಕುತ್ತೇವೆ, ಒಮ್ಮೆ ‘ಐ’, ಒಮ್ಮೆ ಎರಡನ್ನೂ ಬಿಡುತ್ತೇವೆ. ಬಾಳೆಯ ‘ಳ’ಕ್ಕೆ ಕೆಲವರು ದೊಡ್ಡ ‘ಎಲ್’, ಕೆಲವರು ಸಣ್ಣ ‘ಎಲ್’. ಎರಡು ವರ್ಷ ಕಳೆದ ಮೇಲೆ ಪದ ನೆನಪಿರುತ್ತದೆ, ಸ್ಪೆಲಿಂಗ್ ಇರುವುದಿಲ್ಲ. ಆದ್ದರಿಂದ ಟೈಪ್ ಮಾಡಿದ್ದು ಹೇಗಿತ್ತೋ ಹಾಗೇ, ಅಕ್ಷರ ಅಕ್ಷರ, ಕಾಗದದ ಮೇಲೆ ಬರೆದು ಆಸ್ತಿಪತ್ರದ ಜೊತೆ ಇಡಿ. ಮನೆಯಲ್ಲಿ ಒಬ್ಬರಿಗೆ ಜಾಗ ಗೊತ್ತಿರಲಿ.

64ರ ಕೀಯೇ ಬೇಕೆನ್ನುವವರು ಅದರಲ್ಲಿ ಅಂಕಿಗಳು ಮತ್ತು ‘ಎ’ಯಿಂದ ‘ಎಫ್’ವರೆಗಿನ ಸಣ್ಣಕ್ಷರಗಳಷ್ಟೇ ಇರುತ್ತವೆ ಎಂಬುದನ್ನು ನೆನಪಿಟ್ಟುಕೊಳ್ಳಿ. ದುಂಡಗೆ ಕಂಡದ್ದು ಸೊನ್ನೆಯೇ, ‘ಓ’ ಅಲ್ಲ. ನೆಟ್ಟಗೆ ಕಂಡದ್ದು ಒಂದೇ, ‘ಎಲ್’ ಅಲ್ಲ. ಕೈಬರಹದಲ್ಲಿ ಕಲಸಿಹೋಗುವುದು ‘ಬಿ’ ಮತ್ತು 6. ನಾಲ್ಕು ನಾಲ್ಕರಂತೆ 16 ಗುಂಪು ಮಾಡಿ ಬರೆಯಿರಿ, ಇನ್ನೊಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಈ ಕೀ ಕಳೆದರೆ ಯಾರ ಬಳಿಯೂ ಪ್ರತಿ ಇಲ್ಲ.

ಸ್ಕ್ರೀನ್‌ಶಾಟ್ ತೆಗೆದಿಡಬೇಡಿ. ಅದು ಗೂಗಲ್ ಫೋಟೋಸ್‌ಗೆ ಹೋದರೆ, ಬೀಗವಿರುವ ಖಾತೆಯಲ್ಲೇ ಕೀಲಿಕೈಯನ್ನೂ ಇಟ್ಟಂತೆ. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳುವುದಂತೂ ಪ್ರಯೋಜನಕ್ಕಿಲ್ಲ. ಆ ಸಂದೇಶ ಇರುವುದು ತೆರೆಯಲಾಗದ ಬ್ಯಾಕಪ್‌ನ ಒಳಗೇ.

ಮೂರು ಗುಟ್ಟುಗಳನ್ನು ಜನ ಕಲಸಿಕೊಳ್ಳುತ್ತಾರೆ. ಎಸ್‌ಎಂಎಸ್‌ನಲ್ಲಿ ಬರುವ 6 ಅಂಕಿ ಒಟಿಪಿ. ಟೂ-ಸ್ಟೆಪ್ ವೆರಿಫಿಕೇಶನ್‌ಗೆ ನೀವೇ ಇಡುವ 6 ಅಂಕಿ ಪಿನ್, ಬೇರೆ ಫೋನಿನಲ್ಲಿ ನಿಮ್ಮ ನಂಬರ್ ನೋಂದಾಯಿಸುವಾಗ ಒಟಿಪಿ ಜೊತೆಗೆ ಇದನ್ನೂ ಕೇಳುತ್ತದೆ. ಮೂರನೆಯದು ಈ ಬ್ಯಾಕಪ್ ಪಾಸ್‌ವರ್ಡ್. ಬ್ಯಾಕಪ್ ಕೇಳುವಲ್ಲಿ ಪಿನ್ ಒತ್ತಿ ಒತ್ತಿ ಅವಕಾಶ ಮುಗಿಸಿಕೊಳ್ಳುವುದು ಹೀಗೆಯೇ. ಕಾಗದದ ಮೇಲೆ ಯಾವುದು ಯಾವುದೆಂದು ಹೆಸರು ಬರೆದಿಡಿ. ಪಿನ್ ಇನ್ನೂ ಇಟ್ಟಿಲ್ಲವಾದರೆ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಇವತ್ತೇ ಇಡಿ, ಇಮೇಲ್ ವಿಳಾಸವನ್ನೂ ಸೇರಿಸಿ. ಇಮೇಲ್ ಇಲ್ಲದೆ ಪಿನ್ ಮರೆತರೆ 7 ದಿನ ಕಾಯಬೇಕಾಗುತ್ತದೆ.

ಕೀ ನಮ್ಮ ಕೈಯಲ್ಲೇ ಇರಬೇಕೆಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 2021ರ ಐಟಿ ನಿಯಮಗಳು, ಸಂದೇಶವನ್ನು ಮೊದಲು ಕಳುಹಿಸಿದವರು ಯಾರೆಂದು ಆದೇಶ ಬಂದರೆ ಗುರುತಿಸಿ ಕೊಡಬೇಕೆಂದು ದೊಡ್ಡ ಮೆಸೇಜಿಂಗ್ ಕಂಪನಿಗಳಿಗೆ ವಿಧಿಸಿದವು. ವಾಟ್ಸಾಪ್ ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಎನ್‌ಕ್ರಿಪ್ಷನ್ ಮುರಿಯಲೇಬೇಕೆಂದರೆ ಇಲ್ಲಿಂದ ಹೊರಡುವುದಾಗಿ 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಹೇಳಿದರು. ಬ್ರಿಟನ್‌ನಲ್ಲಂತೂ ಜಗಳ ಬ್ಯಾಕಪ್‌ನದ್ದೇ: ಸರ್ಕಾರ ಬಳಕೆದಾರರ ಮಾಹಿತಿಗೆ ದಾರಿ ಕೇಳಿದ ಮೇಲೆ, ಐಕ್ಲೌಡ್ ಬ್ಯಾಕಪ್‌ಗೂ ಎಂಡ್-ಟು-ಎಂಡ್ ರಕ್ಷಣೆ ಕೊಡುವ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಸೌಲಭ್ಯವನ್ನು ಆ್ಯಪಲ್ 2025ರ ಫೆಬ್ರುವರಿಯಲ್ಲಿ ಅಲ್ಲಿ ಹಿಂತೆಗೆದುಕೊಂಡಿತು. ತನಿಖೆಗೆ ಮಾಹಿತಿ ಬೇಕು ಎಂಬುದು ಸರಿಯಾದ ಮಾತೇ. ಆದರೆ ಅದಕ್ಕಾಗಿ ಎಲ್ಲರ ಬೀಗವನ್ನೂ ಸಡಿಲ ಮಾಡಿದರೆ ವಂಚಕನಿಗೂ ಅದೇ ಬಾಗಿಲು ತೆರೆಯುತ್ತದೆ.

4. ಸೋರುವ ಜಾಗಗಳು

ಐಫೋನ್ ಬಳಸುವವರು ಗಮನಿಸಿ. ಇಡೀ ಫೋನಿನ ಐಕ್ಲೌಡ್ ಬ್ಯಾಕಪ್ ಆನ್ ಇದ್ದರೆ ಎನ್‌ಕ್ರಿಪ್ಟ್ ಆಗದ ಇನ್ನೊಂದು ಪ್ರತಿ ಅದರೊಳಗೂ ಹೋಗುತ್ತಿರುತ್ತದೆ. ಅದನ್ನು ಆಫ್ ಮಾಡದೆ ಮೇಲಿನ ಕೆಲಸವೆಲ್ಲ ವ್ಯರ್ಥ.

ಆಂಡ್ರಾಯ್ಡ್‌ನಲ್ಲಿ ಸೋರುವುದು ಫೋಟೊ. ಗೂಗಲ್ ಫೋಟೋಸ್‌ನ ಬ್ಯಾಕಪ್ ಫೋಲ್ಡರ್‌ಗಳ ಪಟ್ಟಿಯಲ್ಲಿ ವಾಟ್ಸಾಪ್ ಇಮೇಜಸ್ ಆನ್ ಇದ್ದರೆ, ಯಾರೋ ಕಳುಹಿಸಿದ ಆಧಾರ್ ಚಿತ್ರ, ಲ್ಯಾಬ್ ರಿಪೋರ್ಟ್ ಎಲ್ಲವೂ ಬ್ಯಾಕಪ್‌ನ ಹೊರಗೇ ಕ್ಲೌಡ್ ಸೇರುತ್ತವೆ. ಆ ಫೋಲ್ಡರ್ ಆಫ್ ಮಾಡಿ.

ಲಿಂಕ್ಡ್ ಡಿವೈಸಸ್ ಪಟ್ಟಿ ನೋಡಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯಲು ತೆರೆದ ವಾಟ್ಸಾಪ್ ವೆಬ್ ಅಲ್ಲೇ ಲಾಗಿನ್ ಆಗಿ ಉಳಿದಿರಬಹುದು. ಗುರುತು ಸಿಗದ್ದನ್ನೆಲ್ಲ ಲಾಗ್‌ಔಟ್ ಮಾಡಿ.

5. ಹೊಸ ಫೋನಿಗೆ ಹೋಗುವಾಗ

ಹಳೆಯ ಫೋನೂ ಕೈಯಲ್ಲಿದ್ದು, ಎರಡೂ ಆಂಡ್ರಾಯ್ಡ್ ಅಥವಾ ಎರಡೂ ಐಫೋನ್ ಆಗಿದ್ದರೆ ಕ್ಲೌಡ್ ಗೊಡವೆಯೇ ಬೇಡ. ಚಾಟ್ಸ್ ಒಳಗಿನ ಟ್ರಾನ್ಸ್‌ಫರ್ ಚಾಟ್ಸ್ ಒತ್ತಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೇರ ದಾಟಿಸಿ. ಪಾಸ್‌ವರ್ಡ್ ಮರೆತವರಿಗೂ ಇದೇ ದಾರಿ.

ಫೋನ್ ಕಳೆದಿದ್ದರೆ ಅದೇ ನಂಬರ್, ಅದೇ ಗೂಗಲ್ ಖಾತೆ, ಆಮೇಲೆ ಪಾಸ್‌ವರ್ಡ್. ರೀಸ್ಟೋರ್ ಕೇಳುವ ಪರದೆಯಲ್ಲಿ ಕಾಗದ ಸಿಗಲಿಲ್ಲವೆಂದು ‘ಸ್ಕಿಪ್’ ಒತ್ತಬೇಡಿ. ಒತ್ತಿದರೆ ಖಾಲಿ ವಾಟ್ಸಾಪ್ ಶುರುವಾಗುತ್ತದೆ, ಬ್ಯಾಕಪ್ ಆನ್ ಆದರೆ ಹಳೆಯದರ ಮೇಲೆ ಈ ಖಾಲಿ ಪ್ರತಿಯೇ ಕೂರುತ್ತದೆ. ಈಗಾಗಲೇ ಒತ್ತಿದ್ದರೆ ತಕ್ಷಣ ಚಾಟ್ ಬ್ಯಾಕಪ್ ಆವರ್ತನವನ್ನು ‘ನೆವರ್’ ಮಾಡಿ. ಕಾಗದ ಹುಡುಕಿ. ಸಿಕ್ಕ ಮೇಲೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮೊದಲಿಂದ ಶುರು ಮಾಡಿ.